ಪಾತ್ರದ ಬೆನ್ನು ಹತ್ತುವ ಬೆಳಕು

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳ ಹಳ್ಳಿಗಳಲ್ಲಿ ಸುಗ್ಗಿ ಮುಗಿದು ಹಬ್ಬ-ಜಾತ್ರೆಗಳ ದಿನ ಬಂತೆಂದರೆ 'ಕುರುಕ್ಷೇತ್ರ' ನಾಟಕಕ್ಕೂ ಕಾಲ ಕೂಡಿ ಬಂತೆಂದೇ ಲೆಕ್ಕ. ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟರ ಎದುರು ಕುಳಿತು ಪದ್ಯ ಉರು ಹೊಡೆದ ರೈತ, ಅಂಗಡಿಕಾರ, ಬಸ್ ಕಂಡಕ್ಟರು ಒಂದು ರಾತ್ರಿಯ ಮಟ್ಟಿಗೆ ಭೀಮ, ಕರ್ಣ, ದುರ್ಯೋಧನರಾಗುತ್ತಾರೆ. ಸೀನರಿ ಬಾಡಿಗೆಯದು, ಕಿರೀಟ ಬಾಡಿಗೆಯದು, ಭುಜಕೀರ್ತಿಯೂ ಬಾಡಿಗೆಯದೇ. ಅವುಗಳ ಜೊತೆಯಲ್ಲಿ ಲಾರಿಯಿಂದ ಇಳಿಯುವ ಇನ್ನೊಂದು ಸಾಮಾನು ಉಂಟು. ತಗಡಿನ ಡಬ್ಬಿಯೊಳಗೆ ದೊಡ್ಡ ಬಲ್ಬು, ಅದರ ಮೂತಿಗೆ ಒಂದು ಮಸೂರ, ಮಸೂರದ ಮುಂದೆ ಕೆಂಪು, ಹಸಿರು, ನೀಲಿ, ಹಳದಿ ಜಿಲೆಟಿನ್ ಹಾಳೆಗಳ ತಿರುಗುವ ಚಕ್ರ. ಜನ ಇದನ್ನು ಕರೆಯುವುದು ಫೋಕಸ್ ಲೈಟು ಎಂದು.

ಜನರ ನಡುವೆಯೋ ಹಿಂದೆಯೋ ಕಟ್ಟಿದ ಅಟ್ಟಣೆಯ ಮೇಲೆ ಇದನ್ನು ಹಿಡಿದು ಕೂರುವ ಮನುಷ್ಯನ ಹೆಸರು ಕರಪತ್ರದಲ್ಲಿ ಅಚ್ಚಾಗುವುದು ಅಪರೂಪ. ಆದರೆ ಆ ರಾತ್ರಿ ಅವನ ಕೈಯಲ್ಲಿರುವ ಅಧಿಕಾರ ಸಣ್ಣದೇನಲ್ಲ. ಹಳೇ ಮೈಸೂರಿನ ಹಳ್ಳಿ ನಾಟಕಗಳಲ್ಲಿ ನಟರಿಗೆ ಸಂಬಳವಿಲ್ಲ. ನಟರೇ ಹಣ ಕೊಟ್ಟು ಪಾತ್ರ ಪಡೆಯುತ್ತಾರೆ. ದುರ್ಯೋಧನನಂಥ ದೊಡ್ಡ ಪಾತ್ರಕ್ಕೆ ದೊಡ್ಡ ಮೊತ್ತ, ದ್ವಾರಪಾಲಕನಿಗೆ ಸಣ್ಣ ಮೊತ್ತ. ಕೈಯಿಂದ ದುಡ್ಡು ಹಾಕಿ, ಹೆಂಡತಿ-ಮಕ್ಕಳು, ಬೀಗರು-ಬಿಜ್ಜರನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ರಂಗದ ಮೇಲೆ ಬಂದು ಗದೆ ಎತ್ತಿದವನ ಮುಖದ ಮೇಲೆ ಬೆಳಕೇ ಬೀಳದಿದ್ದರೆ? ಇಂಥ ಕಾರಣಕ್ಕೆ ನಾಟಕದ ಮಧ್ಯದಲ್ಲಿ ಮಾತಿಗೆ ಮಾತು ಬೆಳೆಯುವುದು ಹೊಸದಲ್ಲ. ಬೆಳಕು ಯಾರ ಮೇಲೆ ಬೀಳಬೇಕು, ಎಷ್ಟು ಹೊತ್ತು ನಿಲ್ಲಬೇಕು ಎಂಬುದು ಹಳ್ಳಿಯಲ್ಲಿ ತಾಂತ್ರಿಕ ಪ್ರಶ್ನೆಯಲ್ಲ, ಮರ್ಯಾದೆಯ ಪ್ರಶ್ನೆ.

ನಟ ನಡೆದತ್ತ ತಾನೂ ನಡೆಯುವ ಈ ದೀಪಕ್ಕೆ ಜಗತ್ತಿನ ರಂಗಭಾಷೆಯಲ್ಲಿ ಫಾಲೋ ಸ್ಪಾಟ್ ಎಂದು ಹೆಸರು. ಕೋಟಿಗಟ್ಟಲೆ ಜನ ಟೀವಿಯಲ್ಲಿ ನೋಡುವ ಸಂಗೀತ ಸ್ಪರ್ಧೆ, ಕ್ರೀಡಾಕೂಟದ ಉದ್ಘಾಟನೆ, ಪ್ರಶಸ್ತಿ ಪ್ರದಾನಗಳಲ್ಲೂ ಗಾಯಕಿಯ ಮುಖ ಬೆಳಗುವುದು ಇದೇ ತತ್ವದ ದೀಪದಿಂದ. ಆದರೆ ಕಳೆದ ಹತ್ತು ವರ್ಷಗಳಲ್ಲಿ ಅಲ್ಲಿ ಒಂದು ಬದಲಾವಣೆ ಆಗಿದೆ. ದೀಪ ಮೇಲೆಯೇ ಉಳಿದಿದೆ, ಅದನ್ನು ಹಿಡಿದಿದ್ದ ಮನುಷ್ಯ ಮಾತ್ರ ಕೆಳಗಿಳಿದಿದ್ದಾನೆ. ವೇದಿಕೆಯ ಹಿಂದಿನ ಕತ್ತಲೆ ಕೋಣೆಯಲ್ಲಿ ಒಂದು ಪರದೆಯ ಮುಂದೆ ಕುಳಿತು, ನೂರಾರು ಅಡಿ ದೂರದ ದೀಪವನ್ನು ಅವನು ತಿರುಗಿಸುತ್ತಾನೆ. ಹೀಗೆ ಅವನು ಇಳಿದು ಬರಲು ಎರಡು ಶತಮಾನ ಹಿಡಿಯಿತು.

ಪಂಜಿನವನಿಂದ ಸುಣ್ಣದ ಬೆಳಕಿಗೆ

ಬೆಳಕು ಪಾತ್ರದ ಜೊತೆ ನಡೆಯಬೇಕೆಂಬುದು ನಮ್ಮವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಕರಾವಳಿಯ ಭೂತಕೋಲದಲ್ಲಿ ದೀವಟಿಗೆ ಹಿಡಿದವರು ದೈವದ ಹೆಜ್ಜೆಗೆ ಹೆಜ್ಜೆ ಕೂಡಿಸಿ ಸಾಗುತ್ತಾರೆ. ಮೂಡಲಪಾಯದ ಆಟಗಳಲ್ಲಿ ಪಂಜಿನ ಬೆಳಕಿಗೆ ಮುಖವೊಡ್ಡಿ ವೇಷಧಾರಿ ಕುಣಿಯುತ್ತಿದ್ದ. ಪಂಜಿನವನು ಎಣ್ಣೆ ಹೊಯ್ಯುವುದನ್ನು ಮರೆತರೆ ರಾವಣನೂ ಕತ್ತಲಲ್ಲೇ. ಅಂದರೆ ದೀಪ ಹಿಡಿದವನು ರಂಗದ ಮೇಲೆಯೇ, ನಟನ ಮಗ್ಗುಲಲ್ಲೇ ಇದ್ದ. ಅವನನ್ನು ನೋಡಿಯೂ ನೋಡದಂತಿರಲು ಪ್ರೇಕ್ಷಕರು ಕಲಿತಿದ್ದರು.

ದೂರದಿಂದ ಒಬ್ಬನ ಮೇಲೆ ಬೆಳಕು ಹಾಯಿಸಲು ಬಹು ಪ್ರಖರವಾದ, ಆದರೆ ಗಾತ್ರದಲ್ಲಿ ಬಹು ಸಣ್ಣದಾದ ಜ್ವಾಲೆ ಬೇಕು. ಪಂಜಿನ ಉರಿ ದೊಡ್ಡದು, ಅದರ ಬೆಳಕು ನಾಲ್ಕೂ ದಿಕ್ಕಿಗೆ ಚೆಲ್ಲುತ್ತದೆ. ಮಸೂರದ ಮೂಲಕ ಅದನ್ನು ಒಂದು ಕಟ್ಟಾಗಿ ಹೊಸೆಯಲಾಗದು. ಈ ತೊಡಕನ್ನು ಬಿಡಿಸಿದ್ದು ಸುಣ್ಣ. ಆಮ್ಲಜನಕ ಮತ್ತು ಜಲಜನಕವನ್ನು ಕೂಡಿಸಿ ಉರಿಸಿದ ಜ್ವಾಲೆಗೆ ಸುಣ್ಣದ ತುಂಡನ್ನು ಒಡ್ಡಿದರೆ ಅದು ಕಣ್ಣು ಕೋರೈಸುವಂತೆ ಬೆಳಗುತ್ತದೆಂಬುದು 1820ರ ದಶಕದ ಇಂಗ್ಲೆಂಡಿನಲ್ಲಿ ತಿಳಿದುಬಂತು. ಗೋಲ್ಡ್ಸ್‌ವರ್ದಿ ಗರ್ನಿ ಎಂಬಾತ ಅದರ ಪ್ರಯೋಗ ನಡೆಸಿದ. ಥಾಮಸ್ ಡ್ರಮಂಡ್ ಎಂಬ ಸೇನಾ ಎಂಜಿನಿಯರ್ ಅದನ್ನು ಕೆಲಸಕ್ಕೆ ಹಚ್ಚಿದ.

ಡ್ರಮಂಡ್‌ಗೆ ನಾಟಕದ ಗೊಡವೆಯಿರಲಿಲ್ಲ. ಅವನಿಗೆ ಬೇಕಿದ್ದುದು ಐರ್ಲೆಂಡಿನ ಭೂಮಾಪನಕ್ಕೆ ಬೆಟ್ಟದಿಂದ ಬೆಟ್ಟಕ್ಕೆ ಕಾಣುವ ಗುರುತಿನ ದೀಪ. 1825ರಲ್ಲಿ ಅವನ ದೀಪ ಅರವತ್ತಕ್ಕೂ ಹೆಚ್ಚು ಮೈಲು ದೂರದಿಂದ ಕಂಡಿತು. ಅದಕ್ಕೂ ಕಾಲು ಶತಮಾನ ಮೊದಲು, ಶ್ರೀರಂಗಪಟ್ಟಣ ಬಿದ್ದ ಮರುವರ್ಷ, ಅಂದರೆ 1800ರಲ್ಲಿ, ಇಂಥದೇ ತ್ರಿಕೋನ ಮಾಪನದ ಮೊದಲ ಗೆರೆಯನ್ನು ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಎಳೆದಿದ್ದ. ಮೈಸೂರು ಸೀಮೆಯ ಬೆಟ್ಟಗಳನ್ನು ಅಳೆಯುವಾಗ ಅವನ ಬಳಿ ಸುಣ್ಣದ ದೀಪ ಇರಲಿಲ್ಲ. ರಾಜ್ಯ ಗೆದ್ದವರು ನೆಲ ಅಳೆಯಲೆಂದು ಹುಡುಕಿದ ಬೆಳಕು ಕೊನೆಗೆ ನಟಿಯರ ಮುಖ ಬೆಳಗಿದ್ದು ಇತಿಹಾಸದ ಒಂದು ತಮಾಷೆ.

1837ರಲ್ಲಿ ಲಂಡನ್ನಿನ ಕವೆಂಟ್ ಗಾರ್ಡನ್ ರಂಗಮಂದಿರದೊಳಗೆ ಸುಣ್ಣದ ದೀಪ ಬಂತು. ಪ್ರತಿ ದೀಪಕ್ಕೂ ಒಬ್ಬ ಆಳು ಬೇಕು. ಅನಿಲದ ಚೀಲ ನೋಡಿಕೊಳ್ಳಬೇಕು, ಸವೆಯುವ ಸುಣ್ಣವನ್ನು ಆಗಾಗ ತಿರುವಬೇಕು, ಅದರ ಜೊತೆಗೆ ನಾಯಕಿ ಹೋದತ್ತ ದೀಪವನ್ನೂ ಹೊರಳಿಸಬೇಕು. ಹೇಗೂ ಆಳು ಅಲ್ಲೇ ಕೂರಬೇಕಾದ್ದರಿಂದ ದೀಪ ಹಿಂಬಾಲಿಸತೊಡಗಿತು. ಜನಪ್ರಿಯರಾದವರನ್ನು 'ಲೈಮ್‌ಲೈಟ್‌ನಲ್ಲಿ ಇದ್ದಾರೆ' ಎಂದು ನಮ್ಮ ಪತ್ರಿಕೆಗಳೂ ಬರೆಯುವುದುಂಟು. ಅದರಲ್ಲಿರುವ 'ಲೈಮ್' ನಿಂಬೆಹಣ್ಣಲ್ಲ, ಗೋಡೆಗೆ ಬಳಿಯುವ ಸುಣ್ಣ.

ಸುಣ್ಣದ ಬೆನ್ನಿಗೇ ಇಂಗಾಲದ ಕಡ್ಡಿ ಬಂತು. ಎರಡು ಕಡ್ಡಿಗಳ ತುದಿಗಳ ನಡುವೆ ವಿದ್ಯುತ್ತು ಜಿಗಿಯುವಾಗ ಹುಟ್ಟುವ ಆರ್ಕ್ ಬೆಳಕು ಸುಣ್ಣಕ್ಕಿಂತ ಬಿಳಿ, ಸುಣ್ಣಕ್ಕಿಂತ ಉಗ್ರ. 1849ರಲ್ಲಿ ಪ್ಯಾರಿಸ್ಸಿನ ಅಪೆರಾದಲ್ಲಿ ಅದರಿಂದ ಸೂರ್ಯೋದಯ ಮಾಡಿ ತೋರಿಸಿದರು. ಕಡ್ಡಿ ಉರಿದಂತೆ ಗಿಡ್ಡವಾಗುತ್ತದೆ, ತುದಿಗಳ ಅಂತರವನ್ನು ಕೈಯಿಂದ ಸರಿಪಡಿಸುತ್ತಿರಬೇಕು, ಹೊಗೆ ಬೇರೆ. ಇದೇ ಆರ್ಕ್ ನಮ್ಮ ಟೂರಿಂಗ್ ಟಾಕೀಸುಗಳ ಪ್ರೊಜೆಕ್ಟರಿನ ಹೊಟ್ಟೆಯಲ್ಲೂ ಇತ್ತು. ಟೆಂಟಿನಲ್ಲಿ ಸಿನಿಮಾ ನೋಡುವಾಗ ಪರದೆ ಇದ್ದಕ್ಕಿದ್ದಂತೆ ಮಂಕಾದರೆ 'ಕಾರ್ಬನ್... ಕಾರ್ಬನ್...' ಎಂದು ಕೂಗಿದ ತಲೆಮಾರು ಈ ತಾಲ್ಲೂಕುಗಳಲ್ಲಿ ಇನ್ನೂ ಇದೆ.

ಮೈಸೂರಿನಲ್ಲಿ ಕರೆಂಟು

ಮೈಸೂರು ಸಂಸ್ಥಾನ ವಿದ್ಯುತ್ತಿನ ವಿಷಯದಲ್ಲಿ ಹಿಂದೆ ಬಿದ್ದಿರಲಿಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಆರಂಭವಾದ ಶಿವನಸಮುದ್ರದ ವಿದ್ಯುದಾಗಾರ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳುಹಿಸಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೂ 1908ರಲ್ಲಿ ಮೈಸೂರಿಗೂ ಅದು ಬಂತು. 1897ರಲ್ಲಿ ಸುಟ್ಟುಹೋದ ಮರದ ಅರಮನೆಯ ಜಾಗದಲ್ಲಿ ಹೆನ್ರಿ ಇರ್ವಿನ್ ಕಟ್ಟಿದ ಹೊಸ ಅರಮನೆ 1912ರಲ್ಲಿ ಪೂರ್ಣಗೊಂಡಿತು. ಲಕ್ಷದ ಆಸುಪಾಸಿನಷ್ಟು ಬಲ್ಬುಗಳಿಂದ ಅದು ಝಗ್ಗನೆ ಹೊತ್ತುವ ಗಳಿಗೆಯನ್ನು ಕಾಯುತ್ತ ನಿಲ್ಲುವ ಜನರನ್ನು ದಸರೆಯಲ್ಲಿ ಇಂದಿಗೂ ಕಾಣಬಹುದು.

ಆದರೆ ರಾಜಧಾನಿ ಬೆಳಗಿದ ಮಾತ್ರಕ್ಕೆ ಎಚ್.ಡಿ. ಕೋಟೆಯ ಹಾಡಿ ಬೆಳಗಲಿಲ್ಲ. ಹಳ್ಳಿಗಳಿಗೆ ಪೆಟ್ರೊಮ್ಯಾಕ್ಸ್ ಬಂತು. ಸೀಮೆಎಣ್ಣೆ ಒತ್ತಡದ ಈ ದೀಪ ಮೊದಲು ತಯಾರಾದದ್ದು ಜರ್ಮನಿಯಲ್ಲಿ. ಜನ ಅದನ್ನು 'ಗ್ಯಾಸ್ ಲೈಟು' ಎಂದೇ ಕರೆದು ತಮ್ಮದಾಗಿಸಿಕೊಂಡರು. ಗ್ಯಾಸ್ ಲೈಟಿನ ಬೆಳಕಿನಲ್ಲಿ ಇಡೀ ರಂಗ ಒಂದೇ ಸಮ ಕಾಣುತ್ತದೆ, ರಾಜನಿಗೂ ಸೇವಕನಿಗೂ ಒಂದೇ ಬೆಳಕು. ಪಾತ್ರಕ್ಕೆ ದುಡ್ಡು ಕೊಟ್ಟವರಿಗೆ ಆಗ ಈ ಬಗ್ಗೆ ದೂರಲು ಅವಕಾಶವೇ ಇರಲಿಲ್ಲವೆನ್ನಬೇಕು.

ಬೆಳಕಿನ ಚಮತ್ಕಾರದ ರುಚಿ ಹತ್ತಿಸಿದ್ದು ವೃತ್ತಿ ಕಂಪನಿಗಳು. 1884ರಲ್ಲಿ ಹುಟ್ಟಿದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘ ಗುಬ್ಬಿ ವೀರಣ್ಣನವರ ಕೈಗೆ ಬಂದ ಮೇಲೆ ರಂಗಸಜ್ಜಿಕೆ ಎಂಬುದು ನಾಟಕದಷ್ಟೇ ದೊಡ್ಡ ಆಕರ್ಷಣೆಯಾಯಿತು. ಬಿ. ಪುಟ್ಟಸ್ವಾಮಯ್ಯನವರು ಬರೆದ 'ಕುರುಕ್ಷೇತ್ರ'ದಲ್ಲಿ ಜೀವಂತ ಆನೆ-ಕುದುರೆಗಳೇ ರಂಗದ ಮೇಲೆ ಬಂದವು. ಹಳ್ಳಿಗಳಲ್ಲಿ ಇಂದು ಅದೇ ಹೆಸರಿನ ಕಥೆ ಹತ್ತಾರು ರೂಪಗಳಲ್ಲಿ ನಡೆಯುತ್ತಿರುವುದಕ್ಕೆ ಕಂಪನಿ ನಾಟಕಗಳ ಆ ಪ್ರಭಾವ ಮುಖ್ಯ ಕಾರಣ. ಬೆಳಕನ್ನು ಏರಿಸಿ ಇಳಿಸಲು ಆಗಿನ ಕಂಪನಿಗಳು ಬಳಸುತ್ತಿದ್ದ ಉಪಾಯ ಇಂದಿನವರ ಎದೆ ನಡುಗಿಸೀತು: ಉಪ್ಪುನೀರು ತುಂಬಿದ ಮಣ್ಣಿನ ಪಾತ್ರೆ, ಅದರಲ್ಲಿ ಎರಡು ಲೋಹದ ತಗಡು. ತಗಡುಗಳನ್ನು ಹತ್ತಿರ ತಂದರೆ ದೀಪ ಜೋರು, ದೂರ ಸರಿಸಿದರೆ ಮಂದ. ನೀರು ಕಾಯುತ್ತಿತ್ತು, ಕೆಲವೊಮ್ಮೆ ಕುದಿಯುತ್ತಲೂ ಇತ್ತು. ಬರಿಗಾಲಲ್ಲಿ ಅದರ ಪಕ್ಕ ನಿಂತವನ ಗತಿ ದೇವರಿಗೇ ಪ್ರೀತಿ.

ಈ ಸೀಮೆಯ ಹುಡುಗನೊಬ್ಬ ಈ ನಡುವೆ ಜಗತ್ತಿನ ಅತಿ ಪ್ರಖರ ದೀಪಗಳ ಮುಂದೆ ಹೋಗಿ ನಿಂತದ್ದನ್ನು ಇಲ್ಲಿ ಹೇಳಲೇಬೇಕು. ಎಚ್.ಡಿ. ಕೋಟೆ ತಾಲ್ಲೂಕಿನ ಕಾರಾಪುರದಲ್ಲಿ 1924ರಲ್ಲಿ ಮಾವುತನ ಮಗನಾಗಿ ಹುಟ್ಟಿದ ಸಾಬು, ರಾಬರ್ಟ್ ಫ್ಲಾಹರ್ಟಿ ಮತ್ತು ಝೋಲ್ಟಾನ್ ಕೋರ್ಡಾ ನಿರ್ದೇಶನದ 'ಎಲಿಫೆಂಟ್ ಬಾಯ್' ಚಿತ್ರದ ನಾಯಕನಾದ. ಕಾಡಿನ ದೃಶ್ಯಗಳು ಮೈಸೂರು ಸೀಮೆಯಲ್ಲಿ, ಉಳಿದವು ಇಂಗ್ಲೆಂಡಿನ ಡೆನ್‌ಹ್ಯಾಮ್ ಸ್ಟುಡಿಯೋದಲ್ಲಿ ಚಿತ್ರಣಗೊಂಡವು. ಚಿತ್ರ 1937ರಲ್ಲಿ ತೆರೆ ಕಂಡಿತು, ಸಾಬು ಹಾಲಿವುಡ್ಡಿಗೂ ಹೋದ, 1963ರಲ್ಲಿ ಅಮೆರಿಕದಲ್ಲೇ ತೀರಿಕೊಂಡ. ಅವನು ಹುಟ್ಟಿದ ಸೀಮೆಯ ಕಾಡಿನಲ್ಲಿ ಬೆಳಕಿಗೆ ಬೇರೆಯೇ ಕೆಲಸವಿತ್ತು. ಖೆಡ್ಡಾದಲ್ಲಿ ಸುತ್ತುವರಿದ ಆನೆಹಿಂಡು ರಾತ್ರಿ ತಪ್ಪಿಸಿಕೊಳ್ಳದಂತೆ ಸುತ್ತ ಬೆಂಕಿ ಹಾಕಿ ಕಾಯುತ್ತಿದ್ದರು. ಅಲ್ಲಿ ಬೆಳಕು ಹಿಂಬಾಲಿಸುತ್ತಿರಲಿಲ್ಲ, ಬೇಲಿಯಾಗಿ ನಿಲ್ಲುತ್ತಿತ್ತು. ಕಾಕನಕೋಟೆಯ ಕೊನೆಯ ಖೆಡ್ಡಾ 1971ರಲ್ಲಿ ನಡೆಯಿತು. ಆ ಜಾಗದ ಬಹುಭಾಗ ಆಮೇಲೆ ಕಬಿನಿ ಜಲಾಶಯದ ನೀರಿನೊಳಗೆ ಹೋಯಿತು.

ಟೀವಿಯ ಕಣ್ಣು

1950ರ ದಶಕದಲ್ಲಿ ಅಮೆರಿಕದ ಸ್ಟ್ರಾಂಗ್ ಕಂಪನಿ 'ಸೂಪರ್ ಟ್ರೂಪರ್' ಎಂಬ ದೈತ್ಯ ಫಾಲೋ ಸ್ಪಾಟ್ ಹೊರತಂದಿತು. ಕ್ರೀಡಾಂಗಣದ ಒಂದು ತುದಿಯಿಂದ ಇನ್ನೊಂದು ತುದಿಯ ವೇದಿಕೆಗೆ ಬೆಳಕು ಮುಟ್ಟಿಸುವ ಶಕ್ತಿ ಅದಕ್ಕಿತ್ತು. ಸ್ವೀಡನ್ನಿನ ಅಬ್ಬಾ ತಂಡ 1980ರಲ್ಲಿ ಹೊರತಂದ ಪ್ರಸಿದ್ಧ ಹಾಡಿನ ಹೆಸರೂ ಇದೇ. ಹಾಡು ಗುನುಗುವ ಎಷ್ಟೋ ಮಂದಿಗೆ ಅದು ಒಂದು ದೀಪದ ಹೆಸರೆಂದು ಗೊತ್ತಿರಲಿಕ್ಕಿಲ್ಲ. ಮುಂದೆ ಇಂಗಾಲದ ಕಡ್ಡಿಯ ಬದಲು ಕ್ಸೆನಾನ್ ದೀಪ ಬಂತು, ಹೊಗೆ ಹೋಯಿತು. ಆದರೆ ದೀಪದ ಹಿಂದೆ ಮನುಷ್ಯ ಇದ್ದೇ ಇದ್ದ.

ಟೆಲಿವಿಷನ್ ಬಂದ ಮೇಲೆ ಅವನ ಕೆಲಸ ಬಿಗಿಯಾಯಿತು. ಮನುಷ್ಯನ ಕಣ್ಣು ಬಹಳ ಉದಾರಿ. ಅರೆಗತ್ತಲೆಯಲ್ಲೂ ಮುಖ ಗುರುತಿಸುತ್ತದೆ, ಹಳದಿ ಬೆಳಕನ್ನೂ ಬಿಳಿಯೆಂದು ಒಪ್ಪಿಕೊಳ್ಳುತ್ತದೆ. ಕ್ಯಾಮೆರಾ ಹಾಗಲ್ಲ. ಬೆಳಕು ಸ್ವಲ್ಪ ಹೆಚ್ಚಾದರೆ ಮುಖ ಸುಣ್ಣ ಬಳಿದಂತೆ, ಕಡಿಮೆಯಾದರೆ ಮಸಿ ಬಳಿದಂತೆ. ದೀಪದಿಂದ ನಟ ದೂರ ಸರಿದಂತೆ ಬೆಳಕು ಎಷ್ಟು ಬೇಗ ಕ್ಷೀಣಿಸುತ್ತದೆಂಬುದಕ್ಕೆ ಒಂದು ನಿಯಮವಿದೆ: ದೂರ ಇಮ್ಮಡಿಯಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಸಾಲದ್ದಕ್ಕೆ, ಹಿಂದಿನ ಬಲ್ಬಿನ ದೀಪಗಳ ಬಣ್ಣ ಸುಮಾರು 3200 ಕೆಲ್ವಿನ್, ಹಗಲು ಬೆಳಕಿನದು 5600ರ ಆಸುಪಾಸು. ಎರಡೂ ಒಂದೇ ಮುಖದ ಮೇಲೆ ಬಿದ್ದರೆ ಟೀವಿಯಲ್ಲಿ ಒಂದು ಕೆನ್ನೆ ಅರಿಸಿನ, ಇನ್ನೊಂದು ಕೆನ್ನೆ ನೀಲಿ!

1981ರ ನವೆಂಬರ್ 1ರಂದು ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾದಾಗ ಕನ್ನಡದ ಟೀವಿ ಇಂಥ ಬೃಹತ್ ಕಾರ್ಯಕ್ರಮಗಳಿಂದ ಬಲು ದೂರವಿತ್ತು. ಹದಿನೈದೇ ವರ್ಷದಲ್ಲಿ ಅದು ಬೆಂಗಳೂರಿನ ನಡುವಿಗೇ ಬಂತು. 1996ರ ನವೆಂಬರ್ 23ರ ರಾತ್ರಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆದ ವಿಶ್ವಸುಂದರಿ ಸ್ಪರ್ಧೆಯನ್ನು ಅನೇಕ ದೇಶಗಳ ಜನ ಟೀವಿಯಲ್ಲಿ ನೋಡಿದರು. ಅಮಿತಾಭ್ ಬಚ್ಚನ್ ಅವರ ಎಬಿಸಿಎಲ್ ಸಂಸ್ಥೆಯ ಆಯೋಜನೆ, 88 ದೇಶಗಳ ಸ್ಪರ್ಧಿಗಳು, ಗೆದ್ದವಳು ಗ್ರೀಸ್‌ನ ಐರೀನ್ ಸ್ಕ್ಲಿವಾ. ರೈತ ಸಂಘ, ಮಹಿಳಾ ಸಂಘಟನೆಗಳು, ಎಡ-ಬಲ ಪಕ್ಷಗಳವರೆಲ್ಲ ಬೇರೆ ಬೇರೆ ಕಾರಣಕ್ಕೆ ವಿರೋಧಿಸಿದ್ದು, ಈಜುಡುಗೆಯ ಸುತ್ತನ್ನು ಸೀಶೆಲ್ಸ್‌ಗೆ ಸಾಗಿಸಿದ್ದು ಎಲ್ಲರಿಗೂ ನೆನಪಿದೆ. ಹೆಣ್ಣಿನ ಮೇಲೆ ಯಾವ ಬೆಳಕು ಬೀಳಬೇಕು, ಯಾರು ಅದನ್ನು ಬೀರಬೇಕು ಎಂಬುದೇ ಅಂದಿನ ಜಗಳದ ತಿರುಳು ಎಂದರೆ ಮಾತಿನ ಆಟವೆಂದು ತಿಳಿಯಬೇಕಿಲ್ಲ. 2008ರ ಏಪ್ರಿಲ್ 18ರಂದು ಅದೇ ಅಂಗಣದಲ್ಲಿ ಮೊದಲ ಐಪಿಎಲ್ ಉದ್ಘಾಟನೆಯಾದಾಗ ಯಾರೂ ತಕರಾರು ತೆಗೆಯಲಿಲ್ಲ. ಬೆಳಕಿನ ಅಬ್ಬರಕ್ಕೆ ಅಷ್ಟರಲ್ಲಿ ನಮಗೆ ರೂಢಿಯಾಗಿತ್ತು.

ಕ್ರಿಕೆಟ್ ಮೈದಾನದಂಥ ಜಾಗದಲ್ಲಿ ಫಾಲೋ ಸ್ಪಾಟ್ ಹಿಡಿಯುವುದು ಎಷ್ಟು ಕಷ್ಟವೆಂಬುದನ್ನು ಸಣ್ಣ ಲೆಕ್ಕದಿಂದ ತಿಳಿಯಬಹುದು. ದೀಪ ವೇದಿಕೆಯಿಂದ 60 ಮೀಟರ್ ದೂರ ಇದೆಯೆನ್ನಿ. ಹಾಡುವವಳ ಸುತ್ತ 2 ಮೀಟರ್ ಅಗಲದ ಬೆಳಕಿನ ವೃತ್ತ ಬೇಕು. ಆಗ ದೀಪದ ಕೈ ಒಂದೇ ಒಂದು ಡಿಗ್ರಿ ತಪ್ಪಿದರೂ ವೃತ್ತ ಒಂದು ಮೀಟರ್ ಆಚೆ ಜಾರುತ್ತದೆ, ಗಾಯಕಿ ಅರ್ಧ ಕತ್ತಲಲ್ಲಿ ಉಳಿಯುತ್ತಾಳೆ. ಉಸಿರು ಎಳೆದರೆ ಅಲುಗುವ ಕೈಯಿಂದ ಎರಡು-ಮೂರು ಗಂಟೆ ಈ ಕೆಲಸ ಆಗಬೇಕು.

ಅದೂ ಎಲ್ಲಿ ಕುಳಿತು? ಪ್ರೇಕ್ಷಕರ ಹಿಂದೆ ಗೋಪುರ ಕಟ್ಟಿದರೆ ನೂರಾರು ಸೀಟು ಹೋಗುತ್ತವೆ, ಬೆಳಕು ಚಪ್ಪಟೆಯಾಗಿ ಬೀಳುತ್ತದೆ. ಹಾಗಾಗಿ ವೇದಿಕೆಯ ಮೇಲಿನ ಕಬ್ಬಿಣದ ಜಂತೆಗಳಲ್ಲೇ ಸಣ್ಣ ಕುರ್ಚಿ ತೂಗುಹಾಕಿ, ತಂತಿಯ ಏಣಿಯಲ್ಲಿ ಆಪರೇಟರನ್ನು ಹತ್ತಿಸುವ ಪದ್ಧತಿ ಬಂತು. ಜನ ಒಳಗೆ ಬರುವ ಮೊದಲೇ ಅವನು ಹತ್ತಬೇಕು, ಎಲ್ಲರೂ ಹೋದ ಮೇಲೆಯೇ ಇಳಿಯಬೇಕು. ಸೊಂಟಕ್ಕೆ ಹಗ್ಗ, ಕಿವಿಗೆ ಹೆಡ್‌ಫೋನು, ಮುಖಕ್ಕೆ ದೀಪದ ಕಾವು. ಮೂತ್ರಕ್ಕೆ ಹೋಗುವ ಮಾತೇ ಇಲ್ಲ. ಮಳೆ, ಗಾಳಿ, ಸಿಡಿಲಿನ ಸಂದರ್ಭದಲ್ಲಿ ಕಬ್ಬಿಣದ ತುದಿಯಲ್ಲಿ ಕೂತವನನ್ನು ಕೆಳಗಿಳಿಸುವುದೇ ಒಂದು ಸಾಹಸ. ಟೀವಿ ನೋಡುವವರಿಗೆ ಇದ್ಯಾವುದೂ ಕಾಣುವುದಿಲ್ಲ, ಕಾಣಕೂಡದು ಕೂಡ.

ಕೆಳಗಿಳಿದ ಆಪರೇಟರ್

ಬಿಡುಗಡೆಯ ದಾರಿ ಬೇರೊಂದು ಕಡೆಯಿಂದ ಬಂತು. 1981ರ ಸೆಪ್ಟೆಂಬರ್‌ನಲ್ಲಿ ಬಾರ್ಸಿಲೋನಾದಲ್ಲಿ ಜೆನೆಸಿಸ್ ಎಂಬ ಬ್ರಿಟಿಷ್ ಸಂಗೀತ ತಂಡದ ವೇದಿಕೆಯ ಮೇಲೆ ದೀಪಗಳು ಯಾರೂ ಮುಟ್ಟದೆಯೇ ಕತ್ತು ಹೊರಳಿಸಿದವು, ಬಣ್ಣ ಬದಲಿಸಿದವು. ಅಮೆರಿಕದ ಡಲ್ಲಾಸಿನಲ್ಲಿ ತಯಾರಾದ ಅವುಗಳ ಹೆಸರು ವೇರಿ-ಲೈಟ್. ಮೋಟಾರು ತಿರುಗಿಸುವ, ಕಂಪ್ಯೂಟರು ಆಳುವ 'ಮೂವಿಂಗ್ ಲೈಟು'ಗಳ ಯುಗ ಅಲ್ಲಿಂದ ಆರಂಭ. 1986ರಲ್ಲಿ ದೀಪಗಳೊಡನೆ ಮಾತಾಡಲು ಡಿಎಂಎಕ್ಸ್ 512 ಎಂಬ ಒಂದು ಸಾಮಾನ್ಯ ಭಾಷೆಯೂ ರೂಪುಗೊಂಡಿತು. ಒಂದು ತಂತಿಯಲ್ಲಿ 512 ಆಜ್ಞಾ ಸಾಲುಗಳು, ಪ್ರತಿ ಸಾಲಿನಲ್ಲೂ ಸೊನ್ನೆಯಿಂದ 255ರವರೆಗಿನ ಒಂದು ಅಂಕಿ. ಇಷ್ಟೇ ಅದರ ವ್ಯಾಕರಣ.

ಈ ಅಂಕಿಯಲ್ಲೂ ಒಂದು ಸ್ವಾರಸ್ಯವಿದೆ. ದೀಪದ ಕತ್ತು ಅಡ್ಡಡ್ಡಲಾಗಿ 540 ಡಿಗ್ರಿ, ಅಂದರೆ ಒಂದೂವರೆ ಸುತ್ತು, ತಿರುಗಬಲ್ಲದೆನ್ನೋಣ. ಅದನ್ನು 256 ಮೆಟ್ಟಿಲಾಗಿ ಹಂಚಿದರೆ ಒಂದು ಮೆಟ್ಟಿಲು ಎರಡು ಡಿಗ್ರಿಗಿಂತ ಹೆಚ್ಚು. 60 ಮೀಟರ್ ದೂರದಲ್ಲಿ ಬೆಳಕು ಒಮ್ಮೆಗೆ ಎರಡು ಮೀಟರಿಗೂ ಮಿಗಿಲಾಗಿ ಜಿಗಿಯುತ್ತದೆ. ಇದು ಹಿಂಬಾಲಿಸುವುದಲ್ಲ, ಕಪ್ಪೆ ಕುಪ್ಪಳಿಸಿದಂತೆ. ಅದಕ್ಕೇ ಎರಡು ಸಾಲುಗಳನ್ನು ಕೂಡಿಸಿ 65,536 ಮೆಟ್ಟಿಲು ಮಾಡಿಕೊಂಡರು. ಆಗ ಅದೇ ದೂರದಲ್ಲಿ ಒಂದು ಮೆಟ್ಟಿಲೆಂದರೆ 9 ಮಿಲಿಮೀಟರಿಗಿಂತ ಕಡಿಮೆ. ಕಣ್ಣಿಗೆ ಅದು ನುಣುಪಾದ ಚಲನೆ.

ಆದರೂ ಮೂವಿಂಗ್ ಲೈಟು ಬಂದು ಮೂರು ದಶಕ ಕಳೆದರೂ ಫಾಲೋ ಸ್ಪಾಟ್ ಆಪರೇಟರು ಮೇಲೆಯೇ ಇದ್ದ. ಕಾರಣ ಸರಳ. ಕಂಪ್ಯೂಟರಿಗೆ ಮೊದಲೇ ಬರೆದಿಟ್ಟ ಜಾಗಕ್ಕೆ ದೀಪ ತಿರುಗಿಸುವುದು ಗೊತ್ತು, ಹಾಡುಗಾರ ಹುಮ್ಮಸ್ಸಿನಲ್ಲಿ ನಾಲ್ಕು ಹೆಜ್ಜೆ ಎಡಕ್ಕೆ ಹೋದದ್ದು ಗೊತ್ತಾಗುವುದಿಲ್ಲ. 2010ರ ದಶಕದ ಉತ್ತರಾರ್ಧದಲ್ಲಿ ಈ ಕೊರತೆ ತುಂಬಿತು. ಅಮೆರಿಕದ ಪಿಆರ್‌ಜಿ ಸಂಸ್ಥೆ 'ಗ್ರೌಂಡ್ ಕಂಟ್ರೋಲ್' ಎಂಬ, ಚೆಕ್ ದೇಶದ ರೋಬ್ ಕಂಪನಿ 'ರೋಬೋಸ್ಪಾಟ್' ಎಂಬ ವ್ಯವಸ್ಥೆಗಳನ್ನು ತಂದವು. ಉಪಾಯ ಇಷ್ಟು: ಮೇಲಿನ ಮೂವಿಂಗ್ ಲೈಟಿಗೇ ಒಂದು ಕ್ಯಾಮೆರಾ ಕಟ್ಟುವುದು, ಕೆಳಗೆ ಆಪರೇಟರಿಗೆ ಒಂದು ಪರದೆ ಮತ್ತು ಹಳೆಯ ಫಾಲೋ ಸ್ಪಾಟಿನಂಥದೇ ಹಿಡಿಕೆ ಕೊಡುವುದು. ಅವನು ಹಿಡಿಕೆ ತಿರುಗಿಸಿದತ್ತ ದೀಪ ತಿರುಗುತ್ತದೆ. ವೃತ್ತ ಹಿಗ್ಗಿಸಲು, ಬೆಳಕು ತಗ್ಗಿಸಲು ಬೆರಳ ತುದಿಯ ಗುಂಡಿ. ಒಬ್ಬನೇ ಒಂದಲ್ಲ, ಹಲವು ದೀಪಗಳನ್ನು ಒಂದೇ ಮುಖದತ್ತ ತಿರುಗಿಸಬಹುದು, ಅಂದರೆ ಎದುರು, ಮಗ್ಗುಲು, ಬೆನ್ನು ಮೂರೂ ಕಡೆಯಿಂದ ಬೆಳಕು ಏಕಕಾಲಕ್ಕೆ ಹಿಂಬಾಲಿಸುತ್ತದೆ. ಕ್ಯಾಮೆರಾ ವೇದಿಕೆಯ ಸುತ್ತ ತಿರುಗುವ ಟೀವಿ ಕಾರ್ಯಕ್ರಮಗಳಿಗೆ ಇದು ಬಲು ಅನುಕೂಲ. ಯಾರೂ ಏಣಿ ಹತ್ತಬೇಕಿಲ್ಲ.

ತೊಡಕು ಇಲ್ಲದಿಲ್ಲ. ಕ್ಯಾಮೆರಾದ ಚಿತ್ರ ಪರದೆಗೆ ಬರಲು, ಆಜ್ಞೆ ದೀಪಕ್ಕೆ ತಲುಪಲು, ಮೋಟಾರು ಓಗೊಡಲು ಹೊತ್ತು ಹಿಡಿಯುತ್ತದೆ. ಒಟ್ಟು ತಡ ಸೆಕೆಂಡಿನ ಐದನೇ ಒಂದು ಭಾಗವೆಂದು ಇಟ್ಟುಕೊಂಡರೂ, ಅಷ್ಟರಲ್ಲಿ ಸಾಧಾರಣ ನಡಿಗೆಯ ಮನುಷ್ಯ ಸುಮಾರು 28 ಸೆಂಟಿಮೀಟರ್ ಮುಂದೆ ಹೋಗಿರುತ್ತಾನೆ, ಓಡುವ ನರ್ತಕ ಒಂದು ಮೀಟರ್. ಹಾಗಾಗಿ ಪಳಗಿದ ಆಪರೇಟರು ನೋಡಿ ತಿರುಗಿಸುವುದಿಲ್ಲ, ಊಹಿಸಿ ತಿರುಗಿಸುತ್ತಾನೆ. ಹೆಗಲು ಯಾವ ಕಡೆ ವಾಲಿತು, ಹಾಡಿನ ಚರಣ ಎಲ್ಲಿ ಮುಗಿಯಿತು ಎಂಬುದರಿಂದ ಮುಂದಿನ ಹೆಜ್ಜೆ ತಿಳಿಯುತ್ತದೆ.

ಈ ಕೈಯನ್ನೂ ತೆಗೆದುಬಿಡುವ ವ್ಯವಸ್ಥೆಗಳು ಬಂದಿವೆ. ಕಲಾವಿದರ ಬಟ್ಟೆಯಲ್ಲಿ ಕಣ್ಣಿಗೆ ಕಾಣದ ಅವಗೆಂಪು ಬೆಳಕು ಬೀರುವ ಅಥವಾ ರೇಡಿಯೋ ತರಂಗ ಕಳುಹಿಸುವ ಸಣ್ಣ ಬಿಲ್ಲೆ ಅಡಗಿಸಿಟ್ಟರೆ, ಕಂಪ್ಯೂಟರು ಅವರಿರುವ ಜಾಗವನ್ನು ತಾನೇ ಲೆಕ್ಕ ಹಾಕಿ ದೀಪಗಳನ್ನು ತಿರುಗಿಸುತ್ತದೆ. ಕೆನಡಾದ ಬ್ಲ್ಯಾಕ್‌ಟ್ರ್ಯಾಕ್ಸ್, ಆಸ್ಟ್ರಿಯಾದ ಝ್ಯಾಕ್‌ಟ್ರ್ಯಾಕ್ ಇಂಥವು. ಬಿಲ್ಲೆ ಇರುವ ಕೋಟನ್ನು ಗಾಯಕ ಬಿಚ್ಚಿ ಎಸೆದರೆ ಬೆಳಕು ಕೋಟಿನ ಹಿಂದೆ ಹೋಗುತ್ತದೆ. ಇಬ್ಬರು ಒಟ್ಟಿಗೆ ನಿಂತಾಗ ಮಾತು ಯಾರದು, ಮೌನ ಯಾರದು ಎಂಬುದೂ ಬಿಲ್ಲೆಗೆ ತಿಳಿಯದು. ಆದ್ದರಿಂದ ದೊಡ್ಡ ಕಾರ್ಯಕ್ರಮಗಳಲ್ಲಿ ಬೆಳಕಿನ ಏರಿಳಿತವನ್ನು ಮನುಷ್ಯನ ಬೆರಳಿಗೇ ಬಿಡುವುದುಂಟು. ಆದರೆ ಹಿಂದೆ ಎಂಟು ದೀಪಕ್ಕೆ ಎಂಟು ಜನ ಬೇಕಿದ್ದ ಕಡೆ ಇಂದು ಇಬ್ಬರು ಮೂವರು ಸಾಕು. ಪ್ರಾಣಭಯ ತಪ್ಪಿದ್ದು ಒಳ್ಳೆಯದೇ. ತಪ್ಪಿಸಿಕೊಂಡವರಲ್ಲಿ ಹೆಚ್ಚಿನವರಿಗೆ ಕೆಲಸವೂ ತಪ್ಪಿತೆಂಬುದನ್ನು ಈ ಕಂಪನಿಗಳ ಜಾಹೀರಾತು ಹೇಳುವುದಿಲ್ಲ.

ನಮ್ಮ ಹವ್ಯಾಸಿ ರಂಗಭೂಮಿಗೆ ಮೊದಲಿನಿಂದಲೂ ಫಾಲೋ ಸ್ಪಾಟ್ ಎಂದರೆ ಅಷ್ಟಕ್ಕಷ್ಟೆ. ಅದು ಕಂಪನಿ ನಾಟಕದ ಗಿಮಿಕ್ಕು, ಆರ್ಕೆಸ್ಟ್ರಾದ ಆಡಂಬರ ಎಂಬ ಭಾವನೆ. 1959ರಲ್ಲಿ ಕಲ್ಕತ್ತೆಯ 'ಅಂಗಾರ್' ನಾಟಕದಲ್ಲಿ ಬರೀ ಬೆಳಕಿನಿಂದ ಕಲ್ಲಿದ್ದಲು ಗಣಿಗೆ ನೀರು ನುಗ್ಗಿಸಿದ ತಾಪಸ್ ಸೇನ್ ಅವರಂಥವರು ಕಲಿಸಿದ್ದು ಒಬ್ಬನನ್ನು ಬೆಳಗುವುದನ್ನಲ್ಲ, ಇಡೀ ವಾತಾವರಣ ಕಟ್ಟುವುದನ್ನು. 1989ರಲ್ಲಿ ಬಿ.ವಿ. ಕಾರಂತರು ಮೈಸೂರಿನಲ್ಲಿ ರಂಗಾಯಣ ಕಟ್ಟಿದ ಮೇಲೆ ಈ ಸೀಮೆಯ ಯುವಕರಿಗೂ ಆ ಪಾಠ ತಲುಪಿತು. ಆದರೆ ಹಳ್ಳಿಯ ದುರ್ಯೋಧನ ವಾತಾವರಣಕ್ಕೆ ದುಡ್ಡು ಕೊಟ್ಟಿಲ್ಲವಲ್ಲ!

ಅವನ ರಂಗಕ್ಕೂ ಈಗ ಮೂವಿಂಗ್ ಲೈಟು ಬಂದಿದೆ. ಇಟಲಿಯ ಕ್ಲೇ ಪ್ಯಾಕಿ ಕಂಪನಿಯ 'ಶಾರ್ಪಿ' ಎಂಬ ದೀಪದ ಹೆಸರು, ಅದರ ಅಗ್ಗದ ನಕಲುಗಳ ಮೂಲಕ, ಮದುವೆ ಮನೆ, ಗಣಪತಿ ಮೆರವಣಿಗೆ, ಆರ್ಕೆಸ್ಟ್ರಾಗಳಲ್ಲಿ ಮನೆಮಾತಾಗಿದೆ. ದೀಪ ಬಾಡಿಗೆಗೆ ಕೊಡುವ ಹುಡುಗರು ಡಿಎಂಎಕ್ಸ್ ಪೆಟ್ಟಿಗೆಯನ್ನು ಸಲೀಸಾಗಿ ನುಡಿಸುತ್ತಾರೆ. ಆದರೆ ಇಲ್ಲೊಂದು ವಿಪರ್ಯಾಸ ಉಂಟು. ಇವು ಯಾರನ್ನೂ ಹಿಂಬಾಲಿಸುವುದಿಲ್ಲ. ಮೊದಲೇ ತುಂಬಿಸಿಟ್ಟ ಲಯಕ್ಕೆ ಆಕಾಶಕ್ಕೂ ಜನರ ಕಣ್ಣಿಗೂ ಬೀಸಾಡುತ್ತ, ಕರ್ಣ ಅಳುವಾಗಲೂ ಕೃಷ್ಣ ನಗುವಾಗಲೂ ಒಂದೇ ಸಮ ಕುಣಿಯುತ್ತವೆ. ದೂರ ನಿಯಂತ್ರಣದ ಫಾಲೋ ಸ್ಪಾಟಿಗೆ ಬೇಕಾದ ಅರ್ಧ ಸಾಮಾನು ಹಳ್ಳಿಗೆ ಬಂದಿದೆ, ಕ್ಯಾಮೆರಾ ಮತ್ತು ಹಿಡಿಕೆ ಬಂದಿಲ್ಲ. ನಾಟಕದ ಪದ್ಯವೆಲ್ಲ ಬಾಯಿಪಾಠವಿರುವ, 'ಈ ಮಾತಿಗೆ ಭೀಮ ಬಲಕ್ಕೆ ಬರುತ್ತಾನೆ' ಎಂದು ಮುಂಚೆಯೇ ಚಕ್ರ ತಿರುಗಿಸುವ ಹಳೆಯ ಫೋಕಸ್ಸಿನವರಿಗೆ ಆ ಹಿಡಿಕೆ ಕೊಟ್ಟರೆ ಒಂದು ವಾರದಲ್ಲಿ ಕಲಿತಾರು.

ಈ ಸೀಮೆಯಿಂದ ಟೀವಿಯ ಬೆಳಕಿಗೆ ಪ್ರತಿ ವರ್ಷ ತಪ್ಪದೆ ಹೋಗುವ ಪಾತ್ರಧಾರಿಗಳು ಬೇರೆಯೇ ಇದ್ದಾರೆ. ದಸರಾ ಗಜಪಯಣ ಹೊರಡುವುದು ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ. 2012ರಿಂದ 2019ರವರೆಗೆ ಚಿನ್ನದ ಅಂಬಾರಿ ಹೊತ್ತ ಅರ್ಜುನ ಎಚ್.ಡಿ. ಕೋಟೆಯ ಬಳ್ಳೆ ಶಿಬಿರದವನು. 2023ರ ಡಿಸೆಂಬರ್‌ನಲ್ಲಿ ಸಕಲೇಶಪುರದ ಬಳಿ ಕಾಡಾನೆಯೊಡನೆ ಕಾದಾಡಿ ಸತ್ತ. ಜಂಬೂಸವಾರಿ ಹಗಲಿನದಾದ್ದರಿಂದ 750 ಕಿಲೋ ತೂಕದ ಅಂಬಾರಿಗೆ ಸೂರ್ಯನೇ ಫಾಲೋ ಸ್ಪಾಟ್. ಮೆರವಣಿಗೆ ತಡವಾಗಿ ಬನ್ನಿಮಂಟಪ ಮುಟ್ಟುವ ಹೊತ್ತಿಗೆ ಕತ್ತಲಾದರೆ ಬೀದಿಯ ದೀಪಾಲಂಕಾರ, ಟೀವಿಯವರ ದೀಪ, ಜನರ ಮೊಬೈಲ್ ದೀಪ ಎಲ್ಲವೂ ಆನೆಯ ಕಣ್ಣಿಗೇ. ಅದೇ ಮೈದಾನದಲ್ಲಿ ರಾತ್ರಿ ಪಂಜಿನ ಕವಾಯತು ನಡೆಯುತ್ತದೆ, 2024ರ ದಸರೆಯಲ್ಲಿ ಅದರ ನೆತ್ತಿಯ ಮೇಲೆ ದೀಪ ಹೊತ್ತ ಡ್ರೋನ್‌ಗಳೂ ಹಾರಿದವು. ಅದಕ್ಕಾಗಿಯೇ ಮೈಸೂರಿಗೆ ಬಂದ ಆನೆಗಳಿಗೆ ಫಿರಂಗಿಯ ಸದ್ದಿಗೆ ಬೆಚ್ಚದಂತೆ ತಾಲೀಮು ಕೊಡುವ ಜೊತೆಗೆ, ಸಂಜೆ ಹೊತ್ತು ದೀಪ ಹೊತ್ತಿದ ಬೀದಿಯಲ್ಲೂ ನಡೆಸಿಕೊಂಡು ಹೋಗುತ್ತಾರೆ. ಮಾವುತರು ಮುಂದೆ ಬಾಗಿ, ಕಿವಿಯ ಹಿಂದೆ ಕಾಲಿಟ್ಟು, ಬೆಳಕು ಬಂದತ್ತ ನೋಡದೆ ನಡೆಯುವುದನ್ನು ಕಲಿಸುತ್ತಾರೆ.